ಲಕ್ಷದ್ವೀಪದ ಒಂದು ಮತ, ಮಲ್ಕಾಜ್‌ಗಿರಿಯ 65 ಮತ

2024ರ ಲೋಕಸಭಾ ಚುನಾವಣೆಯಲ್ಲಿ ಲಕ್ಷದ್ವೀಪ ಕ್ಷೇತ್ರದಲ್ಲಿದ್ದ ಮತದಾರರು 58 ಸಾವಿರಕ್ಕೆ ತುಸು ಕಡಿಮೆ. ಹೈದರಾಬಾದಿನಲ್ಲಿ ನಾನು ಓಟು ಹಾಕುವ ಮಲ್ಕಾಜ್‌ಗಿರಿ ಕ್ಷೇತ್ರದಲ್ಲಿ ಸುಮಾರು 37 ಲಕ್ಷ 80 ಸಾವಿರ. ಒಂದು ದೇಶದ ಅತಿ ಚಿಕ್ಕ ಕ್ಷೇತ್ರ, ಇನ್ನೊಂದು ಅತಿ ದೊಡ್ಡದು. ಎರಡಕ್ಕೂ ಲೋಕಸಭೆಯಲ್ಲಿ ಸಿಗುವುದು ಒಂದೊಂದೇ ಕುರ್ಚಿ. ಭಾಗಿಸಿ ನೋಡಿದರೆ ಕವರತ್ತಿಯಲ್ಲೋ ಅಮಿನಿಯಲ್ಲೋ ಇರುವ ಒಬ್ಬ ಮತದಾರನ ಓಟಿಗೆ ಕೂಕಟ್‌ಪಲ್ಲಿಯಲ್ಲಿರುವ ನನ್ನಂಥ 65 ಜನರ ಓಟಿನ ತೂಕ. ನಮ್ಮಲ್ಲಿ ಗೆದ್ದವರ ಅಂತರವೇ 3 ಲಕ್ಷ 90 ಸಾವಿರ ದಾಟಿತ್ತು. ಆ ಅಂತರದೊಳಗೆ ಆರು ಲಕ್ಷದ್ವೀಪಗಳು ಆರಾಮವಾಗಿ ಕೂರುತ್ತವೆ.

ಕ್ಯಾಂಟೀನಿನಲ್ಲಿ ಈ ಲೆಕ್ಕ ಹೇಳಿದಾಗ ನಮ್ಮ ಟೀಮಿನ ಹುಡುಗನೊಬ್ಬ, "ಸರ್, ಇದು ಪಕ್ಕಾ ಬಗ್. ಯಾರೂ ಫಿಕ್ಸ್ ಮಾಡಿಲ್ಲ ಅಷ್ಟೇ" ಅಂದ. ಪಕ್ಕದಲ್ಲಿದ್ದವಳು, "ಬಗ್ ಅಲ್ಲ, ಬೇಕಂತಲೇ ಇಟ್ಟ ಫೀಚರ್" ಅಂದಳು. ನಮ್ಮ ಕಸುಬಿನಲ್ಲಿ ಇದು ದಿನಾ ನಡೆಯುವ ಜಗಳ. ಅದನ್ನು ಬಗೆಹರಿಸುವ ವಿಧಾನವೂ ಗೊತ್ತಿದೆ: ಬರೆದವರು ಏನು ಮಾಡಹೊರಟಿದ್ದರು ಎಂದು ಮೊದಲು ನೋಡಬೇಕು, ಅವರು ಮಾಡಹೊರಟಿದ್ದು ಸರಿಯೇ ಎಂದು ಆಮೇಲೆ ಕೇಳಬೇಕು. ಮೊದಲನೆಯದು ಚರಿತ್ರೆಯ ಪ್ರಶ್ನೆ, ಎರಡನೆಯದು ನೀತಿಯ ಪ್ರಶ್ನೆ. ಒಬ್ಬ ಮನುಷ್ಯನ ಮತಕ್ಕೆ ಇನ್ನೊಬ್ಬನ ಮತಕ್ಕಿಂತ 65 ಪಟ್ಟು ಬೆಲೆ ಇರುವುದು ನ್ಯಾಯವಾಗಲು ಸಾಧ್ಯವೇ?

ಬರೆದವರು ಏನು ಮಾಡಹೊರಟಿದ್ದರು ಎಂಬುದಕ್ಕೆ ಸಂವಿಧಾನದ 81ನೇ ವಿಧಿಯಲ್ಲಿ ಉತ್ತರವಿದೆ. ರಾಜ್ಯಗಳಿಗೆ ಸ್ಥಾನ ಹಂಚುವಾಗ ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಅನುಪಾತ ಆದಷ್ಟು ಒಂದೇ ಆಗಿರಬೇಕು ಎಂದು ಅದು ಹೇಳುತ್ತದೆ. ಅದರ ಬೆನ್ನಿಗೇ, 60 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ ಎನ್ನುತ್ತದೆ. ಕೇಂದ್ರಾಡಳಿತ ಪ್ರದೇಶಗಳದ್ದು ಪ್ರತ್ಯೇಕ ಖಾತೆ: ಗರಿಷ್ಠ 20 ಸದಸ್ಯರು, ಅವರನ್ನು ಆರಿಸುವ ಬಗೆಯನ್ನು ಸಂಸತ್ತೇ ಕಾನೂನು ಮಾಡಿ ತೀರ್ಮಾನಿಸಬೇಕು. ಅಂದರೆ ಸಮಾನತೆಯ ನಿಯಮ ಬರೆದ ಕೈಯೇ ವಿನಾಯಿತಿಯನ್ನೂ ಬರೆದಿದೆ. ಯಾರೋ ಮರೆತು ಬಿಟ್ಟ ತಪ್ಪು ಇದಲ್ಲ, ಬೇಕೆಂದೇ ಇಟ್ಟದ್ದು. ಹಾಗೆಂದ ಮಾತ್ರಕ್ಕೆ ಸರಿ ಎಂದಾಗುವುದಿಲ್ಲ. ಬೇಕೆಂದೇ ಮಾಡಿದ ಅನ್ಯಾಯಗಳೂ ಲೋಕದಲ್ಲಿ ಸಾಕಷ್ಟಿವೆ.

ಈ ದ್ವೀಪಗಳ ಕಥೆ ಕನ್ನಡಿಗರಿಗೆ, ಅದರಲ್ಲೂ ನನ್ನಂಥ ಕರಾವಳಿಯವರಿಗೆ, ಅಷ್ಟೇನೂ ದೂರದ್ದಲ್ಲ. ಮಂಗಳೂರಿನ ಹಳೇ ಬಂದರಿನಲ್ಲಿ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ತುಂಬಿಕೊಂಡು ದ್ವೀಪಕ್ಕೆ ಹೊರಡುವ ಮಂಜಿಗಳನ್ನು ನೋಡಿದವರಿಗೆ ಇದು ಗೊತ್ತು. 18ನೇ ಶತಮಾನದ ಕೊನೆಯ ಭಾಗದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ ಅಮಿನಿ ದ್ವೀಪದ ಜನ ಟಿಪ್ಪು ಸುಲ್ತಾನನ ಮೊರೆಹೋದರು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳ ಗುಂಪು ಅವನ ಕೈಗೆ ಬಂತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಬ್ರಿಟಿಷರಿಗೆ ಹೋಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. ಉಳಿದ ದ್ವೀಪಗಳು ಮಲಬಾರಿನ ಕಡೆಗಿದ್ದವು. ಸರ್ಕಾರ ದ್ವೀಪದವರ ತೆಂಗಿನ ನಾರನ್ನು ತಾನೇ ಕೊಂಡು ಬದಲಿಗೆ ಅಕ್ಕಿ ಕೊಡುತ್ತಿತ್ತು. ನಾರಿನ ಬೆಲೆ, ಅಕ್ಕಿಯ ಬೆಲೆ ಎರಡನ್ನೂ ನಿಗದಿ ಮಾಡುವುದು ಒಂದೇ ಕೈ. ಆ ಕೈ ಇರುವುದು ಸಮುದ್ರದ ಈಚೆ ದಡದಲ್ಲಿ. ದ್ವೀಪದವರ ಬದುಕಿನ ದೊಡ್ಡ ತೀರ್ಮಾನಗಳೆಲ್ಲ ದ್ವೀಪದ ಹೊರಗೆ ಆಗುವುದು ಅಂದಿನಿಂದಲೇ ಬಂದ ರೂಢಿ.

ನಾವು ರಾಜ್ಯೋತ್ಸವ ಆಚರಿಸುವ ದಿನಕ್ಕೂ ಈ ದ್ವೀಪಗಳಿಗೂ ನಂಟಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ದಿನ ಅಮಿನ್‌ದಿವಿ ದ್ವೀಪಗಳು ದಕ್ಷಿಣ ಕನ್ನಡದಿಂದ ಕಳಚಿಕೊಂಡು, ಮಲಬಾರಿನ ದ್ವೀಪಗಳ ಜೊತೆ ಸೇರಿ ಒಂದು ಕೇಂದ್ರಾಡಳಿತ ಪ್ರದೇಶವಾದವು. ಕಾಸರಗೋಡಿಗಾಗಿ ನಾವು ಇಂದಿಗೂ ಹಾಡುತ್ತೇವೆ, ಮರುಗುತ್ತೇವೆ. ಅಮಿನಿ ಹೋದದ್ದು ನಮ್ಮ ನೆನಪಿನಲ್ಲಿಯೂ ಇಲ್ಲ. ಅಲ್ಲಿನವರು ಕನ್ನಡ ಮಾತಾಡುತ್ತಿರಲಿಲ್ಲ, ಅವರಾಡುವುದು ಮಲಯಾಳದ ಒಂದು ಒಳನುಡಿ. ಹಾಗಾಗಿ ಮರೆತದ್ದು ಸಹಜ. ಆದರೆ ಸಣ್ಣವರು ಯಾವ ಪಟ್ಟಿಯಿಂದ ಯಾವ ಪಟ್ಟಿಗೆ ಹೋದರೂ ದೊಡ್ಡವರಿಗೆ ಗೊತ್ತಾಗುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಪ್ರದೇಶವೇನೋ ಆಯಿತು, ಚುನಾವಣೆ ಆಗಲಿಲ್ಲ. 1957ರಿಂದ 1967ರವರೆಗೆ ಲೋಕಸಭೆಯಲ್ಲಿ ಈ ದ್ವೀಪಗಳ ಸದಸ್ಯರಾಗಿದ್ದವರು ಕೆ. ನಲ್ಲ ಕೋಯ ತಂಙಳ್. ಅವರನ್ನು ದ್ವೀಪದ ಜನ ಆರಿಸಿರಲಿಲ್ಲ, ರಾಷ್ಟ್ರಪತಿ ನಾಮಕರಣ ಮಾಡಿದ್ದರು. ಮಿಕ್ಕ ಭಾರತ ಮೂರು ಸಲ ಓಟು ಹಾಕಿ ಮುಗಿಸಿದ್ದಾಗ ಇವರಿನ್ನೂ ಒಂದು ಸಲವೂ ಹಾಕಿರಲಿಲ್ಲ. 1965ರಲ್ಲಿ ಸಂಸತ್ತು ಕಾನೂನು ಮಾಡಿದ ಮೇಲೆ 1967ರಲ್ಲಿ ಲಕ್ಷದ್ವೀಪದಲ್ಲೂ, ಅಂಡಮಾನಿನಲ್ಲೂ ಮೊದಲ ನೇರ ಚುನಾವಣೆ ನಡೆಯಿತು. ಆಗ ಪಕ್ಷೇತರನಾಗಿ ನಿಂತು ಗೆದ್ದವರು ಆಂದ್ರೋತ್ ದ್ವೀಪದ ಪಿ.ಎಂ. ಸಯೀದ್. ಮಂಗಳೂರಿನಲ್ಲಿ ಕಾಲೇಜು, ಮುಂಬೈಯ ಸಿದ್ಧಾರ್ಥ ಕಾನೂನು ಕಾಲೇಜಿನಲ್ಲಿ ವಕೀಲಿ ಓದಿ ಬಂದ, ಇಪ್ಪತ್ತೈದರ ಹರೆಯದ ಹುಡುಗ. 1971ರಲ್ಲಿ ಅವರ ಎದುರು ಯಾರೂ ಉಳಿಯದೆ ಅವಿರೋಧವಾಗಿ ಆಯ್ಕೆಯಾದರು. ಹೀಗೆ ಒಟ್ಟು ಹತ್ತು ಚುನಾವಣೆ ಸತತವಾಗಿ ಗೆದ್ದರು, ಲೋಕಸಭೆಯ ಉಪಸಭಾಧ್ಯಕ್ಷರಾದರು. ಹನ್ನೊಂದನೆಯದರಲ್ಲಿ, 2004ರಲ್ಲಿ, ಜನತಾದಳ ಸಂಯುಕ್ತದ ಡಾ. ಪೂಕುಂಞಿ ಕೋಯ ಅವರ ಎದುರು 71 ಮತಗಳಿಂದ ಸೋತರು.

37 ವರ್ಷಗಳ ಆಳ್ವಿಕೆ, 71 ಮತಗಳು. ನಮ್ಮ ಅಪಾರ್ಟ್‌ಮೆಂಟಿನ ಒಂದೂವರೆ ಮಹಡಿಯಲ್ಲಿ ಅಷ್ಟು ಜನ ಸಿಗುತ್ತಾರೆ. ನನ್ನ ಕ್ಷೇತ್ರದಲ್ಲಿ 71 ಜನ ಮನಸ್ಸು ಬದಲಾಯಿಸಿದರೆ ಎಣಿಕೆಯ ಮೇಜಿನಲ್ಲಿ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಲ್ಲಿ ನಾಲ್ಕಾರು ಕುಟುಂಬ ಮುನಿಸಿಕೊಂಡರೆ ಸಂಸದ ಬದಲಾಗುತ್ತಾನೆ. ಆಮೇಲಿನ ಫಲಿತಾಂಶಗಳೂ ಇದನ್ನೇ ಹೇಳುತ್ತವೆ. 2009ರಲ್ಲಿ ಸಯೀದರ ಮಗ ಹಮ್ದುಲ್ಲಾ ಸಯೀದ್ ಗೆದ್ದರು. 2014ರಲ್ಲಿ ಎನ್‌ಸಿಪಿಯ ಮೊಹಮ್ಮದ್ ಫೈಜಲ್ 1,535 ಮತಗಳಿಂದ, 2019ರಲ್ಲಿ ಮತ್ತೆ ಅವರೇ 823 ಮತಗಳಿಂದ ಗೆದ್ದರು. 2024ರಲ್ಲಿ ಹಮ್ದುಲ್ಲಾ 2,647 ಮತಗಳಿಂದ ಮರಳಿ ಬಂದರು. ಮತದಾನದ ಪ್ರಮಾಣ ಈ ಮೂರೂ ಸಲ ನೂರಕ್ಕೆ 84ರ ಮೇಲೆ. 2024ರಲ್ಲಿ ಮಲ್ಕಾಜ್‌ಗಿರಿಯಲ್ಲಿ ಅರ್ಧಕ್ಕರ್ಧ ಜನ ಮತಗಟ್ಟೆ ಕಡೆ ಸುಳಿಯಲೇ ಇಲ್ಲ. ನಮ್ಮ ಮತಕ್ಕೆ ತೂಕವಿಲ್ಲ ಎಂದು ಗೊಣಗುವ ಮೊದಲು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ತೂಕವಿಲ್ಲದ್ದರಿಂದ ಜನ ಹೋಗುವುದಿಲ್ಲವೋ, ಹೋಗದ್ದರಿಂದ ತೂಕ ಇನ್ನೂ ಇಳಿಯಿತೋ ಎಂಬ ವಾದ ಬೇಕಾದಷ್ಟು ಮಾಡಬಹುದು.

ಈಗ ನೀತಿಯ ಪ್ರಶ್ನೆಗೆ ಬರೋಣ.

ಸಮಾನತೆಯ ಪಕ್ಷದ ವಾದ ಬಲವಾಗಿದೆ, ಅದನ್ನು ಹಗುರ ಮಾಡಬಾರದು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಮೌಲ್ಯ ಎಂದು ಒಪ್ಪಿಕೊಳ್ಳುತ್ತೇವೆ, ಸಮಾಜದಲ್ಲಿ ಆರ್ಥಿಕತೆಯಲ್ಲಿ ಅದನ್ನು ನಿರಾಕರಿಸುತ್ತೇವೆ ಎಂಬ ವಿರೋಧಾಭಾಸವನ್ನು ಅವರು ಮುಂದಿಟ್ಟರು. ರಾಜಕೀಯದ ಸಮಾನತೆಯಾದರೂ ಇದ್ದೇ ಇರುತ್ತದೆ ಎಂದು ಅವರು ಹಿಡಿದುಕೊಂಡಿದ್ದರು. ಮೌಲ್ಯವೇ 65 ಪಟ್ಟು ಬೇರೆಯಾದರೆ ಆ ನೆಲೆಯೂ ಅಲುಗುತ್ತದೆ. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ರಾಜ್ಯಗಳ ಶಾಸನಸಭೆಗಳ ಕ್ಷೇತ್ರಗಳು ಜನಸಂಖ್ಯೆಯಲ್ಲಿ ಸರಿಸುಮಾರು ಸಮವಾಗಿರಬೇಕು ಎಂದು ತೀರ್ಪು ಕೊಟ್ಟಿತು. ಶಾಸಕರು ಪ್ರತಿನಿಧಿಸುವುದು ಜನರನ್ನೇ ಹೊರತು ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂಬುದು ಅದರ ತಿರುಳು. ಅಲ್ಲಿ ಎಷ್ಟೋ ವರ್ಷ ಹಳ್ಳಿಗಾಡಿನ ಸಣ್ಣ ಕ್ಷೇತ್ರಗಳು ಕೂಡಿ ನಗರಗಳ ದನಿಯನ್ನು ಅಡಗಿಸಿದ್ದವು. ತೂಕದ ಅಸಮಾನತೆ ಯಾವಾಗಲೂ ಬಡಪಾಯಿಯ ಪರವಾಗಿಯೇ ಇರುತ್ತದೆ ಎಂದು ನಂಬಲಾಗದು.

ಈ ವಾದವನ್ನು ಲಕ್ಷದ್ವೀಪದ ಮೇಲೆ ಪ್ರಯೋಗಿಸಿ ನೋಡೋಣ. ವಿನಾಯಿತಿ ತೆಗೆದುಹಾಕಿ ದ್ವೀಪಗಳನ್ನು ಯಾವುದಾದರೂ ಕರಾವಳಿ ಕ್ಷೇತ್ರಕ್ಕೆ ಸೇರಿಸುತ್ತೇವೆ ಎಂದಿಟ್ಟುಕೊಳ್ಳಿ. ಹಳೇ ನಂಟಿನ ನೆಪದಲ್ಲಿ ದಕ್ಷಿಣ ಕನ್ನಡವೇ ಇರಲಿ. ಅಲ್ಲಿ ಸುಮಾರು 18 ಲಕ್ಷ ಮತದಾರರಿದ್ದಾರೆ. ದ್ವೀಪದ 58 ಸಾವಿರ ಅದಕ್ಕೆ ಸೇರಿದರೆ ನೂರಕ್ಕೆ ಮೂರು. ಈಗ ಆಂದ್ರೋತಿನವನ ಮತವೂ ಬಂಟ್ವಾಳದವನ ಮತವೂ ತೂಕದಲ್ಲಿ ಸಮ, ಲೆಕ್ಕ ಸರಿಹೋಯಿತು. ಆದರೆ ಯಾವ ಅಭ್ಯರ್ಥಿ ನೂರಕ್ಕೆ ಮೂರು ಮತಕ್ಕಾಗಿ 200 ಕಿಲೋಮೀಟರಿಗೂ ಹೆಚ್ಚು ಸಮುದ್ರ ದಾಟುತ್ತಾನೆ? ದ್ವೀಪಕ್ಕೆ ಹಡಗು ಸಾಲದು, ಆಸ್ಪತ್ರೆಗೆ ತಜ್ಞರು ಬೇಕು, ದಂಡೆ ಕೊರೆಯುತ್ತಿದೆ ಎಂಬ ಮಾತು ಅವನ ಬಾಯಲ್ಲಿ ಎಷ್ಟು ಸಲ ಬಂದೀತು? ಕಾಗದದ ಮೇಲೆ ಸಮಾನತೆ ಬಂದ ಕ್ಷಣವೇ ದನಿ ನಿಂತುಹೋಗುತ್ತದೆ.

ಇಲ್ಲಿ ಎರಡು ಬಗೆಯ ಸಮಾನತೆಗಳನ್ನು ಬೇರ್ಪಡಿಸಬೇಕು. ಒಂದು, ಪ್ರತಿ ಮತಕ್ಕೂ ಸಮಾನ ತೂಕ. ಇನ್ನೊಂದು, ಪ್ರತಿಯೊಬ್ಬರ ಮಾತೂ ಕೇಳಿಸಿಕೊಳ್ಳುವಂತಾಗುವ ಸಮಾನ ಅವಕಾಶ. ಬಹಳ ಕಡೆ ಇವೆರಡೂ ಜೊತೆಯಾಗಿಯೇ ಹೋಗುತ್ತವೆ, ಅದಕ್ಕೇ ನಾವು ಒಂದೇ ಎಂದುಕೊಳ್ಳುತ್ತೇವೆ. ದ್ವೀಪದಂಥ ಜಾಗದಲ್ಲಿ ಅವು ಬೇರೆಯಾಗುತ್ತವೆ. ಬ್ರಿಟನ್ನಿನಲ್ಲಿ ಕ್ಷೇತ್ರಗಳ ಗಾತ್ರದ ಬಗ್ಗೆ ಕಟ್ಟುನಿಟ್ಟಿನ ಕಾನೂನಿದೆ. ಸರಾಸರಿಗಿಂತ ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಗೆ ಮಾತ್ರ ಅವಕಾಶ. ಅಂಥ ಕಾನೂನೇ ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳನ್ನು, ಆರ್ಕ್ನಿ ಮತ್ತು ಶೆಟ್‌ಲೆಂಡನ್ನು ಹೆಸರು ಹಿಡಿದು ಹೊರಗಿಟ್ಟಿದೆ. ನಿಯಮ ಎಷ್ಟು ಬಿಗಿಯೋ ಅಷ್ಟು ಸ್ಪಷ್ಟವಾಗಿ ವಿನಾಯಿತಿಯನ್ನೂ ಹೇಳಬೇಕು ಎಂಬ ವಿವೇಕ ಅದರಲ್ಲಿದೆ.

65 ಎಂಬ ಸಂಖ್ಯೆಯನ್ನೂ ಇನ್ನೊಂದು ಸಲ ಬಿಡಿಸಿ ನೋಡಬೇಕು. ಮತದ ತೂಕ ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ. ಗೆದ್ದವನು ಏನು ಮಾಡಬಲ್ಲ ಎಂಬುದರಲ್ಲಿ ಅದರ ಬೆಲೆ ಇದೆ. ನನಗೆ ಸಂಸದರಿದ್ದಾರೆ, ಶಾಸಕರಿದ್ದಾರೆ, ರಾಜ್ಯ ಸರ್ಕಾರವಿದೆ, ವಿಧಾನಸಭೆ ಇದೆ. ನೀರು ಬಾರದಿದ್ದರೆ, ರಸ್ತೆ ಕಿತ್ತುಹೋದರೆ ಬೈಯಲು ನನಗೆ ಮೂರು ಹಂತದಲ್ಲಿ ಜನ ಸಿಗುತ್ತಾರೆ. ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ಪಂಚಾಯತಿಗಳನ್ನು ಬಿಟ್ಟರೆ ಅಲ್ಲಿನ ಆಡಳಿತ ಕೇಂದ್ರ ಸರ್ಕಾರ ಕಳಿಸಿದ ಆಡಳಿತಾಧಿಕಾರಿಯ ಕೈಯಲ್ಲಿದೆ. ಆ ಪ್ರದೇಶಕ್ಕೆ ಕಾನೂನು ಮಾಡುವ ಯಾವ ಸಭೆಯಲ್ಲಾದರೂ ದ್ವೀಪದವರು ಆರಿಸಿದ ಒಬ್ಬ ಮನುಷ್ಯ ಕೂರುತ್ತಾನೆ ಎಂದರೆ ಅದು ಲೋಕಸಭೆಯಲ್ಲಿ ಮಾತ್ರ, 543ರಲ್ಲಿ ಒಬ್ಬನಾಗಿ.

2021ರಲ್ಲಿ ಇದರ ಪರೀಕ್ಷೆ ನಡೆಯಿತು. ಆಡಳಿತಾಧಿಕಾರಿ ಪ್ರಫುಲ್ ಖೋಡಾ ಪಟೇಲ್ ಅವರ ಕಾಲದಲ್ಲಿ ಒಂದರ ಹಿಂದೊಂದು ಕರಡು ನಿಯಮಗಳು ಬಂದವು. ಅಭಿವೃದ್ಧಿಗಾಗಿ ಜಮೀನು ಗುರುತಿಸಿ ವಹಿಸಿಕೊಳ್ಳಲು ವಿಸ್ತಾರ ಅಧಿಕಾರ ಕೊಡುವ ಪ್ರಾಧಿಕಾರ, ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕಾನೂನು, ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರಿಗೆ ಪಂಚಾಯತಿ ಚುನಾವಣೆಯಲ್ಲಿ ನಿಲ್ಲುವಂತಿಲ್ಲ ಎಂಬ ನಿಯಮ. 2011ರ ಜನಗಣತಿಯಂತೆ ಒಟ್ಟು 64,473 ಜನ, 32 ಚದರ ಕಿಲೋಮೀಟರ್ ನೆಲ ಇರುವ ಊರಿನಲ್ಲಿ ಜಮೀನಿನ ಮಾತು ಬಂದರೆ ಅದು ಜೀವದ ಮಾತು. ಅವುಗಳ ಒಳಿತು ಕೆಡುಕಿನ ಬಗ್ಗೆ ಓದುಗರಲ್ಲಿ ಬೇರೆಬೇರೆ ಅಭಿಪ್ರಾಯ ಇರಬಹುದು. ನನ್ನ ಪ್ರಶ್ನೆ ಅದಲ್ಲ. ಇಂಥ ಕರಡೊಂದು ತೆಲಂಗಾಣದಲ್ಲೋ ಕರ್ನಾಟಕದಲ್ಲೋ ಬಂದಿದ್ದರೆ ಅದು ಆರಿಸಿ ಬಂದವರ ಸಭೆಯೊಂದನ್ನು ದಾಟಲೇಬೇಕಿತ್ತು. ದ್ವೀಪದವರಿಗೆ ಅಂಥ ಸಭೆಯೇ ಇಲ್ಲ. ಅವರ ಪರವಾಗಿ ಸರ್ವಾನುಮತದ ನಿರ್ಣಯ ಮಾಡಿದ್ದು ಪಕ್ಕದ ಕೇರಳದ ವಿಧಾನಸಭೆ, ಅವರು ಒಬ್ಬರೂ ಓಟು ಹಾಕದ ಸಭೆ. 65 ಪಟ್ಟು ತೂಕದ ಮತ ಎಂದು ನಾವು ಹೊಟ್ಟೆಕಿಚ್ಚು ಪಡುವ ಆ ಮತದ ನಿಜವಾದ ಕೈಯಳತೆ ಅಷ್ಟು.

2023ರಲ್ಲಿ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಎದ್ದಿತು. ಜನವರಿ 11ರಂದು ಕವರತ್ತಿಯ ಸೆಷನ್ಸ್ ಕೋರ್ಟು 2009ರ ಚುನಾವಣೆಯ ಕಾಲದ ಕೊಲೆಯತ್ನ ಪ್ರಕರಣವೊಂದರಲ್ಲಿ ಸಂಸದ ಫೈಜಲ್ ಅವರಿಗೆ ಹತ್ತು ವರ್ಷ ಶಿಕ್ಷೆ ವಿಧಿಸಿತು. ಎರಡೇ ದಿನಕ್ಕೆ ಸದಸ್ಯತ್ವ ಹೋಯಿತು. ಚುನಾವಣಾ ಆಯೋಗ ಫೆಬ್ರುವರಿ 27ಕ್ಕೆ ಉಪಚುನಾವಣೆ ಘೋಷಿಸಿತು. ಜನವರಿ 25ರಂದು ಕೇರಳ ಹೈಕೋರ್ಟು ಶಿಕ್ಷೆಯನ್ನೂ ಅಪರಾಧ ನಿರ್ಣಯವನ್ನೂ ತಡೆಹಿಡಿಯಿತು, ಆಯೋಗ ಚುನಾವಣೆಯನ್ನು ಕೈಬಿಟ್ಟಿತು. ಆದರೂ ಸದಸ್ಯತ್ವ ಮರಳಿದ್ದು ಮಾರ್ಚ್ 29ಕ್ಕೆ. ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ರದ್ದು ಮಾಡಿ ಮರುಪರಿಶೀಲನೆಗೆ ಕಳಿಸಿತು. ಅಕ್ಟೋಬರಿನಲ್ಲಿ ಮತ್ತೆ ಅನರ್ಹತೆ, ನವೆಂಬರಿನಲ್ಲಿ ಮತ್ತೆ ಸದಸ್ಯತ್ವ.

ತಪ್ಪಿತಸ್ಥನೋ ಅಲ್ಲವೋ ಎಂಬುದು ನ್ಯಾಯಾಲಯದ ಕೆಲಸ. ನನ್ನನ್ನು ಕಾಡುವುದು ಬೇರೆ. ಆ ವರ್ಷದ ಬಜೆಟ್ ಅಧಿವೇಶನದ ಬಹುಪಾಲು ದಿನ ಲಕ್ಷದ್ವೀಪಕ್ಕೆ ದನಿಯೇ ಇರಲಿಲ್ಲ. ನಮ್ಮ ಭಾಷೆಯಲ್ಲಿ ಇದನ್ನು ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅನ್ನುತ್ತೇವೆ: ಒಂದು ಕೊಂಡಿ ಕಳಚಿದರೆ ಇಡೀ ವ್ಯವಸ್ಥೆ ಕತ್ತಲು. ಇನ್ನೊಂದು, ಹೈಕೋರ್ಟಿನ ಆದೇಶದಲ್ಲಿ ಬಂದ ಒಂದು ಕಾರಣ. ಉಪಚುನಾವಣೆ ನಡೆಸುವ ಖರ್ಚು ದೇಶದ ಮೇಲೆ, ಅಂದರೆ ಜನರ ಮೇಲೆ ಬೀಳುತ್ತದೆ. ಗೆದ್ದವರಿಗೆ ಸಿಗುವುದು ಒಂದೂವರೆ ವರ್ಷಕ್ಕಿಂತ ಕಡಿಮೆ ಅವಧಿ ಎಂಬುದು. ಮುಂದೆ ಸುಪ್ರೀಂ ಕೋರ್ಟು ಈ ಅಂಶಕ್ಕೆ ಅಷ್ಟು ಒತ್ತು ಕೊಡಬಾರದಿತ್ತು ಎಂದಿತು. ಬಜೆಟ್ ನೋಡುವುದು ನನ್ನ ದಿನದ ಕೆಲಸ, ಖರ್ಚಿನ ಮಾತನ್ನು ನಾನು ಕೀಳಾಗಿ ಕಾಣುವುದಿಲ್ಲ. ಆದರೂ ಹಡಗಿನಲ್ಲಿ ಮತಯಂತ್ರ ಸಾಗಿಸಿ, 2011ರಲ್ಲಿ 271 ಜನರಿದ್ದ ಬಿತ್ರದಂಥ ದ್ವೀಪದಲ್ಲೂ ಮತಗಟ್ಟೆ ತೆರೆಯುವುದಕ್ಕೆ ತಲೆಗೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕತೊಡಗಿದರೆ ಆ ಲೆಕ್ಕ ಯಾವಾಗಲೂ ಒಂದೇ ಉತ್ತರ ಕೊಡುತ್ತದೆ: ದೂರದವರು ದುಬಾರಿ, ಸಣ್ಣವರು ದುಬಾರಿ. ಪ್ರಾತಿನಿಧ್ಯವನ್ನು ಅಗ್ಗವಾಗಿ ಸಿಗುವ ಕಡೆ ಮಾತ್ರ ಕೊಡುವ ಸರಕು ಎಂದುಕೊಂಡರೆ ಮೊದಲು ಬೀಳುವುದು ದ್ವೀಪ, ಆಮೇಲೆ ಕಾಡು, ಆಮೇಲೆ ಬೆಟ್ಟ.

ಇಷ್ಟು ಹೇಳಿದ ಮೇಲೆ ಎದುರಾಗುವ ಕಷ್ಟದ ಪ್ರಶ್ನೆ: ಹಾಗಾದರೆ ಪ್ರತಿ ಸಣ್ಣ ಸಮುದಾಯಕ್ಕೂ ಒಂದೊಂದು ಕುರ್ಚಿ ಕೊಡಬೇಕೇ? ಇದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1952ರಲ್ಲಿ ಕೊಡಗು ಒಂದು ಸಿ ವರ್ಗದ ರಾಜ್ಯ. ಎರಡೂ ಕಾಲು ಲಕ್ಷದಷ್ಟು ಜನ, 24 ಸದಸ್ಯರ ಸ್ವಂತ ವಿಧಾನಸಭೆ, ಲೋಕಸಭೆಯಲ್ಲಿ ಸ್ವಂತ ಸ್ಥಾನ. ಅಮಿನಿ ದಕ್ಷಿಣ ಕನ್ನಡದಿಂದ ಬೇರೆಯಾದ ಅದೇ ನವೆಂಬರ್ 1ರಂದು ಕೊಡಗು ಮೈಸೂರಿಗೆ ಸೇರಿ ಅವೆರಡನ್ನೂ ಕಳೆದುಕೊಂಡಿತು. 2009ರ ಮೊದಲು ಲೋಕಸಭೆಗೆ ಅದು ಮಂಗಳೂರಿನ ಜೊತೆ ಓಟು ಹಾಕುತ್ತಿತ್ತು, ಈಗ ಮೈಸೂರಿನ ಜೊತೆ. ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಕೊಡಗಿನವು ಎರಡು. ನಮ್ಮ ಮಾತು ದಿಲ್ಲಿಗೆ ಮುಟ್ಟುವುದಿಲ್ಲ ಎಂದು ಕೊಡಗಿನ ಗೆಳೆಯರು ಹೇಳುವಾಗ ಅದನ್ನು ತಳ್ಳಿಹಾಕಲು ನನ್ನಲ್ಲಿ ಮಾತಿಲ್ಲ. ಹಾಗಿದ್ದೂ ಎರಡು ಪ್ರಕರಣ ಒಂದೇ ಅಲ್ಲ. ಕೊಡಗಿಗೆ ಬೆಂಗಳೂರಿನ ವಿಧಾನಸಭೆಯಲ್ಲಿ ಇಬ್ಬರು ಶಾಸಕರಿದ್ದಾರೆ, ಅದರ ಕಾನೂನುಗಳು ಅವರೂ ಕೂತ ಸಭೆಯಲ್ಲಿ ಆಗುತ್ತವೆ. ಲೋಕಸಭೆಯ ಸ್ಥಾನ ಹೋದರೆ ಕೊಡಗಿನ ದನಿ ಸಣ್ಣದಾಗುತ್ತದೆ. ಲಕ್ಷದ್ವೀಪದ ದನಿ ಇಲ್ಲವೇ ಆಗುತ್ತದೆ. ಕಡಿಮೆಯಾಗುವುದಕ್ಕೂ ಇಲ್ಲವಾಗುವುದಕ್ಕೂ ನೀತಿಯ ದೃಷ್ಟಿಯಲ್ಲಿ ದೊಡ್ಡ ಅಂತರವಿದೆ.

ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಸಮಾನ ತೂಕದ ನಿಯಮವನ್ನು ಮೀರಬೇಕೆಂದರೆ ಎರಡು ಶರತ್ತು ಒಟ್ಟಿಗೆ ಈಡೇರಬೇಕು. ಒಂದು, ಮೀರದಿದ್ದರೆ ಒಂದು ಜನದ ದನಿ ಪೂರ್ತಿ ಅಡಗಿಹೋಗಬೇಕು. ಎರಡು, ಮೀರಿದ್ದರಿಂದ ಅವರು ಬೇರೆಯವರ ಮೇಲೆ ಸವಾರಿ ಮಾಡುವಂತಾಗಬಾರದು. ಲಕ್ಷದ್ವೀಪ ಎರಡನ್ನೂ ದಾಟುತ್ತದೆ. 543ರಲ್ಲಿ ಒಬ್ಬ ಯಾರ ಮೇಲೂ ಸವಾರಿ ಮಾಡಲಾರ. ನನ್ನ ಮತದ ತೂಕ ಕುಗ್ಗಿರುವುದು ದ್ವೀಪದವನು ಕದ್ದದ್ದರಿಂದ ಅಲ್ಲ. ಹೈದರಾಬಾದು ಬೆಳೆಯುತ್ತಾ ಹೋದರೂ ಗಡಿರೇಖೆಗಳು ನಿಂತಲ್ಲೇ ನಿಂತದ್ದರಿಂದ. ಮಲ್ಕಾಜ್‌ಗಿರಿಗೆ ಆಗಿರುವ ಅನ್ಯಾಯ ನಿಜ, ಅದಕ್ಕೆ ಮದ್ದು ಮಲ್ಕಾಜ್‌ಗಿರಿಯನ್ನು ಒಡೆಯುವುದು, ದ್ವೀಪವನ್ನು ಮುಳುಗಿಸುವುದಲ್ಲ.

ಈ ಅಳತೆಗೋಲಿಗೆ ಇನ್ನೊಂದು ಮಗ್ಗುಲಿದೆ, ಅದು ನಮ್ಮಂಥ ವಲಸಿಗರಿಗೆ ಚುಚ್ಚುತ್ತದೆ. ಕುರ್ಚಿ ಕೊಟ್ಟಿದ್ದು ಜಾಗಕ್ಕೆ ಎಂದಾದರೆ ಜಾಗ ಬಿಟ್ಟವರ ಗತಿಯೇನು? 1950ರ ಜನಪ್ರಾತಿನಿಧ್ಯ ಕಾಯ್ದೆಯಂತೆ ಸಾಮಾನ್ಯವಾಗಿ ವಾಸಿಸುವ ಊರಿನಲ್ಲೇ ಹೆಸರು ಇರಬೇಕು. ಊರಲ್ಲಿ ಮನೆ ಇದೆ ಎಂಬುದೊಂದೇ ಕಾರಣ ಸಾಲದು. ಹಾಗಾಗಿಯೇ ನನ್ನ ಮತ ಇಲ್ಲಿದೆ, ನೇತ್ರಾವತಿಯ ದಡದಲ್ಲಿಲ್ಲ. ದ್ವೀಪದವರಿಗೆ ಇದು ಇನ್ನೂ ಬಿಗಿ. ಲಕ್ಷದ್ವೀಪ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. 1951ರ ಆದೇಶದ ಪ್ರಕಾರ ತಾನೂ ತನ್ನ ತಂದೆತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದ್ದರೆ ಮಾತ್ರ ಆ ಪಂಗಡದವನು. ಹೆರಿಗೆಗೆ ಕೋಯಿಕ್ಕೋಡಿಗೋ ಕೊಚ್ಚಿಗೋ ಹೋದರೆ ಮಗು ಪಟ್ಟಿಯಿಂದ ಹೊರಗೆ. ಹೊರಗೆ ಹುಟ್ಟಿದ ಮಕ್ಕಳು ದ್ವೀಪದಲ್ಲಿ ಕಾಯಂ ನೆಲೆಸಿದರೆ ಒಪ್ಪಬಹುದು ಎಂಬ ತಿದ್ದುಪಡಿ ಬಂದದ್ದು 2008ರಲ್ಲಿ. ನೆಲಕ್ಕೆ ಅಂಟಿಸಿದ ಹಕ್ಕು ನೆಲ ಬಿಟ್ಟವರಿಗೆ ಎಷ್ಟು ಕಠಿಣವಾಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಪುಣೆಯಲ್ಲಿ, ಚೆನ್ನೈಯಲ್ಲಿ ಕೂತು ಊರಿನ ಫಲಿತಾಂಶಕ್ಕೆ ರಾತ್ರಿಯೆಲ್ಲ ಎದ್ದಿರುವ ನಮಗೆ ಇದು ಅರ್ಥವಾಗಬೇಕು. ಆದರೂ ನಾನು ಈ ನಿಯಮದ ಮೂಲತತ್ವದ ಪರವಾಗಿಯೇ ಇದ್ದೇನೆ. ಹಡಗು ಬಾರದ ಮಳೆಗಾಲವನ್ನು ಕಳೆಯಬೇಕಾದವರು ಅಲ್ಲಿರುವವರು. ಪ್ರತಿನಿಧಿಯನ್ನು ಆರಿಸುವ ಕೊನೆಯ ಮಾತೂ ಅವರದ್ದೇ ಆಗಿರಬೇಕು. ಊರಿನ ಮೇಲೆ ಪ್ರೀತಿ ಇರಲಿ, ತೀರ್ಪಿನ ಹಕ್ಕು ಬದುಕುವವರಿಗಿರಲಿ.

ಕೊನೆಗೆ, ಈಗ ಎಲ್ಲರ ಬಾಯಲ್ಲಿರುವ ಕ್ಷೇತ್ರ ಮರುವಿಂಗಡಣೆ. 1976ರ 42ನೇ ತಿದ್ದುಪಡಿ ರಾಜ್ಯವಾರು ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ತಲೆ ಎಣಿಸಿ ಹಂಚಿದರೆ ದಕ್ಷಿಣದ ಪಾಲು ಇಳಿಯುತ್ತದೆ ಎಂಬ ಆತಂಕ ನಮಗೆಲ್ಲ ಇದೆ. ನಮ್ಮ ಗುಂಪುಗಳಲ್ಲಿ "ತಲೆ ಎಣಿಕೆಯೊಂದೇ ಪ್ರಜಾಪ್ರಭುತ್ವವಲ್ಲ" ಎಂದು ವಾದಿಸುವವರೇ ಲಕ್ಷದ್ವೀಪದ ವಿಷಯ ಬಂದಾಗ "58 ಸಾವಿರಕ್ಕೆ ಒಬ್ಬ ಸಂಸದನೇ?" ಎಂದು ಹುಬ್ಬೇರಿಸುವುದನ್ನು ಕಂಡಿದ್ದೇನೆ. ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ.

ಅದರ ತಿರುವುಮುರುವೂ ನಿಜ, ಅದು ನಮಗೆ ಅಷ್ಟು ರುಚಿಸದು. ಲಕ್ಷದ್ವೀಪದ ನ್ಯಾಯವನ್ನು ಹಾಗೆಯೇ ಎತ್ತಿ ಕರ್ನಾಟಕಕ್ಕೆ ಬಳಸಿಕೊಳ್ಳುವಂತಿಲ್ಲ. 28 ಸಂಸದರಿರುವ, ಸ್ವಂತ ವಿಧಾನಸಭೆ, ಸ್ವಂತ ಖಜಾನೆ ಇರುವ ನಾಡಿನ ದನಿ ಕುಗ್ಗಬಹುದು, ಅಡಗಿಹೋಗುವುದಿಲ್ಲ. ನಮ್ಮ ವಾದಕ್ಕೆ ಬೇರೆ ಆಧಾರ ಬೇಕು: ರಾಜ್ಯಗಳು ಒಂದು ಒಪ್ಪಂದದ ಮೇಲೆ ಕೂಡಿ ಬಾಳುತ್ತಿವೆ ಎಂಬುದು, ಜನಸಂಖ್ಯೆ ಹತೋಟಿ ಮಾಡಿ ಎಂದು ದೇಶವೇ ಹೇಳಿ ಮಾಡಿದವರಿಗೆ ದಂಡ ಹಾಕಬಾರದು ಎಂಬುದು. ಅವು ಗಟ್ಟಿಯಾದ ವಾದಗಳೇ. ಅವನ್ನು ಅವುಗಳ ಬಲದ ಮೇಲೆಯೇ ಮಂಡಿಸಬೇಕು, ದ್ವೀಪದವರ ಅಸಹಾಯಕತೆಯನ್ನು ಎರವಲು ತಂದಲ್ಲ. ದನಿಯೇ ಇಲ್ಲದವರ ನ್ಯಾಯವನ್ನು ದನಿ ಇರುವವರು ತಮ್ಮದೆಂದು ಹೇಳಿಕೊಂಡರೆ ಕೊನೆಗೆ ಅದರ ಬೆಲೆ ಇಳಿಯುವುದು ದನಿ ಇಲ್ಲದವರಿಗೆ. ನಾಳೆ ಹೊಸ ಲೆಕ್ಕ ಬರೆಯಲು ಕೂರುವವರ ಮೇಜಿನ ಮೇಲೆ ದೊಡ್ಡ ರಾಜ್ಯಗಳ ದೊಡ್ಡ ಅಂಕಿಗಳು ಇದ್ದೇ ಇರುತ್ತವೆ, ಅವುಗಳ ಪರ ವಾದಿಸಲು ಜನವೂ ಇರುತ್ತಾರೆ. ಆ ಹಾಳೆಯ ಕೊನೆಯ ಸಾಲಿನಲ್ಲಿ ಲಕ್ಷದ್ವೀಪದ ಮುಂದೆ ಬರೆದಿರುವ 1 ಎಂಬ ಅಂಕಿ ಹಾಗೆಯೇ ಉಳಿಯಬೇಕು ಎಂದು ಹೇಳಬೇಕಾದವರು, ಅದರಿಂದ ಏನೂ ಲಾಭವಿಲ್ಲದ ನಮ್ಮಂಥವರು.